ಎಣ್ಣೆಗೈಯವರ ಕಟ್ಟುಪಾಡು

ಮೈಸೂರಿನಲ್ಲಿ ಮೈ ನೀವುವ ಕೈಗಳಿಗೆ ಎಂದೂ ಬರವಿರಲಿಲ್ಲ. ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ವಜ್ರಮುಷ್ಟಿ ಕಾಳಗಕ್ಕೆ ಇಳಿಯುವ ಜೆಟ್ಟಿಗಳ ಮನೆತನಗಳಲ್ಲಿ ಕುಸ್ತಿಯ ಪಟ್ಟುಗಳ ಜೊತೆಗೇ ಉಳುಕು ತೆಗೆಯುವ, ಮೂಳೆ ಕೂಡಿಸುವ, ಎಣ್ಣೆ ಹಾಕಿ ತಿಕ್ಕುವ ವಿದ್ಯೆಯೂ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದಿದೆ. ಗರಡಿಮನೆಯ ಮಣ್ಣಿನಲ್ಲಿ ಹೊರಳಿದವರಿಗೆ ಮಾಲೀಶು ಸಾಮಿನದೇ ಒಂದು ಭಾಗ. ಹೆರಿಗೆಯಾದ ಮನೆಗೆ ಬೆಳಿಗ್ಗೆ ಬಂದು ಬಾಣಂತಿಗೂ ಮಗುವಿಗೂ ಎಣ್ಣೆ ಹಚ್ಚಿ ನೀರು ಹಾಕಿ ಹೋಗುವ ಹೆಂಗಸರು ಹಳೆಯ ಬೀದಿಗಳಲ್ಲಿ ಈಗಲೂ ಇದ್ದಾರೆ. ಕ್ಷೌರದಂಗಡಿಯಲ್ಲಿ ಕಟಿಂಗ್ ಮುಗಿದ ಮೇಲೆ ಬೇಡವೆಂದರೂ ತಲೆಯ ಮೇಲೆ ನಾಲ್ಕು ತಟ್ಟು ಬೀಳುತ್ತದೆ. ಇಷ್ಟೆಲ್ಲ ಕೈಗಳಿದ್ದರೂ, ಅವುಗಳಿಂದ ಸುಖ ಪಡೆದವರು ಆ ಕೈಗಳವರನ್ನು ನಡುಮನೆಗೆ ಕರೆದು ಕುರ್ಚಿ ಕೊಟ್ಟದ್ದು ಕಡಿಮೆ. ಈ ಕೆಲಸವನ್ನೇ ನಂಬಿ ನಡುವಯಸ್ಸಿಗೆ ಬಂದಿರುವ ನಾನು ಪಂಚಕರ್ಮ ಥೆರಪಿಸ್ಟ್, ಅಂದರೆ ಆಯುರ್ವೇದದ ಎಣ್ಣೆ, ಶಾಖ, ಶುದ್ಧಿ ಚಿಕಿತ್ಸೆಗಳನ್ನು ಮಾಡುವವಳು, ಎಂದು ಹೇಳಿಕೊಂಡಾಗಲೂ ಎದುರಿಗಿರುವವರ ಮುಖದಲ್ಲಿ ಒಂದು ಕ್ಷಣದ ಅನುಮಾನ ಹಾದುಹೋಗುವುದನ್ನು ಕಂಡಿದ್ದೇನೆ. ವೃತ್ತಿಯಲ್ಲಿ ಬೆಳೆಯುವುದು ಎಂದರೆ ಹೊಸ ಹೊಸ ಚಿಕಿತ್ಸೆಗಳನ್ನು ಕಲಿತು ಫಲಕದ ಮೇಲೆ ಪಟ್ಟಿ ಉದ್ದ ಮಾಡುವುದು ಎಂದು ಮೊದಮೊದಲು ನಾನೂ ಭಾವಿಸಿದ್ದೆ. ಈಗ ಹಿಂದಿರುಗಿ ನೋಡಿದರೆ, ನನ್ನನ್ನು ಬೆಳೆಸಿದ್ದು ಕಲಿತ ಚಿಕಿತ್ಸೆಗಳಿಗಿಂತ ಹೆಚ್ಚಾಗಿ, ಇದೇ ಕೆಲಸ ಮಾಡುವ ಇತರ ಹೆಂಗಸರೊಡನೆ ಕೂತು ನಮಗೆ ನಾವೇ ಹಾಕಿಕೊಂಡ ಕಟ್ಟುಪಾಡುಗಳು.

ನಾನು ಕೆಲಸಕ್ಕೆ ಸೇರಿದ್ದು ಒಂದು ಆಯುರ್ವೇದ ಆಸ್ಪತ್ರೆಯ ಪಂಚಕರ್ಮ ವಿಭಾಗದಲ್ಲಿ, ಸಹಾಯಕಿಯಾಗಿ. ಅಲ್ಲಿ ಮೊದಲು ಕೈಗೆ ಬಂದದ್ದು ತೈಲವಲ್ಲ, ಬಿಸಿನೀರು ಮತ್ತು ಕಡಲೆಹಿಟ್ಟು. ಒಬ್ಬ ರೋಗಿ ಎದ್ದು ಹೋದ ಮೇಲೆ ಇನ್ನೊಬ್ಬರು ಬರುವುದರೊಳಗೆ ಮರದ ದ್ರೋಣಿಯ, ಅಂದರೆ ರೋಗಿ ಮಲಗುವ ಅಂಚುಳ್ಳ ಮಣೆಯ, ಜಿಡ್ಡನ್ನೆಲ್ಲ ತೆಗೆದು ಒರೆಸಿ ಒಣಗಿಸಬೇಕಿತ್ತು; ಅಂಚಿನ ತೋಡಿನಲ್ಲಿ ಹಿಂದಿನವರ ಎಣ್ಣೆ ಒಂದು ಹನಿ ಉಳಿದಿದ್ದರೂ ಹಿರಿಯ ಥೆರಪಿಸ್ಟ್ ಬೆರಳಾಡಿಸಿ ತೋರಿಸುತ್ತಿದ್ದರು. ಅವರು ಕಾಸರಗೋಡಿನ ಕಡೆಯವರು. ನಾವೆಲ್ಲ ಅವರನ್ನು ಅಕ್ಕ ಎನ್ನುತ್ತಿದ್ದೆವು. ಎಣ್ಣೆಯ ಬಟ್ಟಲನ್ನು ಒಲೆಯ ಮೇಲೆ ನೇರವಾಗಿ ಇಡಬಾರದು, ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಕಾಯಿಸಬೇಕು. ಕಿಳಿಯನ್ನು, ಅಂದರೆ ಸೊಪ್ಪು ಅಥವಾ ಹಾಲಿನಲ್ಲಿ ಬೆಂದ ನವರ ಎಂಬ ತಳಿಯ ಅಕ್ಕಿಯನ್ನು ಕಟ್ಟಿದ ಬಟ್ಟೆಯ ಗಂಟನ್ನು, ರೋಗಿಯ ಮೈಗೆ ತಾಗಿಸುವ ಮುನ್ನ ಪ್ರತಿ ಸಲವೂ ನಮ್ಮ ಮುಂಗೈ ಹಿಂಭಾಗಕ್ಕೆ ಒತ್ತಿ ನೋಡಿಕೊಳ್ಳಬೇಕು. ಪ್ರತಿ ಸಲವೂ ಎಂಬ ಮಾತನ್ನು ಅಕ್ಕ ಎರಡು ಬಾರಿ ಹೇಳುತ್ತಿದ್ದರು.

ಅಭ್ಯಂಗಕ್ಕೆ, ಅಂದರೆ ಇಡೀ ಮೈಗೆ ಎಣ್ಣೆ ಹಚ್ಚಿ ನೀವುವುದಕ್ಕೆ, ಇಬ್ಬರು ಬೇಕು, ದ್ರೋಣಿಯ ಎರಡು ಬದಿಗೆ ಒಬ್ಬೊಬ್ಬರು. ಕೈಕಾಲುಗಳ ಮೇಲೆ ಉದ್ದನೆಯ ನೀವುವಿಕೆ, ಕೀಲುಗಳ ಮೇಲೆ ವೃತ್ತಾಕಾರ, ಹೊಟ್ಟೆಯ ಮೇಲೆ ಗಡಿಯಾರದ ದಿಕ್ಕು. ಕೂತು, ಅಂಗಾತ, ಮಗ್ಗುಲು, ಬೋರಲು ಹೀಗೆ ಏಳು ಭಂಗಿಗಳಲ್ಲಿ ಇಡೀ ಮೈ ಮುಗಿಯುವ ತನಕ ಇಬ್ಬರ ಕೈಯ ಒತ್ತಡವೂ ವೇಗವೂ ಒಂದೇ ಆಗಿರಬೇಕು; ಕಣ್ಣು ಮುಚ್ಚಿ ಮಲಗಿದವರಿಗೆ ಹೊಸಬಳ ಕೈ ಯಾವುದು, ಹಳಬಳ ಕೈ ಯಾವುದು ಎಂದು ಗೊತ್ತಾಗಬಾರದು. ಇದನ್ನು ಕಲಿಸಲು ಅಕ್ಕ ಕಂಡುಕೊಂಡಿದ್ದ ದಾರಿಯೆಂದರೆ ನಮ್ಮನ್ನೇ ಸರದಿಯಲ್ಲಿ ದ್ರೋಣಿಯ ಮೇಲೆ ಮಲಗಿಸುವುದು. ಬೆನ್ನಿನ ಎಡಭಾಗಕ್ಕೆ ಗಟ್ಟಿ ಒತ್ತು, ಬಲಭಾಗಕ್ಕೆ ಅಂಜುತ್ತಾ ಸವರುವ ಬೆರಳು ಬಿದ್ದಾಗ ಆಗುವ ಕಿರಿಕಿರಿ ಎಂಥದು ಎಂದು ಯಾವ ಪಠ್ಯವೂ ಹೇಳಿಕೊಡುವುದಿಲ್ಲ. ಬಟ್ಟೆ ಬಿಚ್ಚಿ ಮಲಗಿದವರಿಗೆ ಕೋಣೆಯ ಬಾಗಿಲು ಕಿರ್ರೆಂದರೆ ಎದೆ ಹೇಗೆ ಬಿಗಿಯುತ್ತದೆ ಎಂಬುದೂ ಅಲ್ಲಿಯೇ ತಿಳಿಯಿತು.

ಆಯುರ್ವೇದದ ಹಳೆಯ ಗ್ರಂಥವಾದ ವಾಗ್ಭಟನ ಅಷ್ಟಾಂಗಹೃದಯ ಅಭ್ಯಂಗವನ್ನು ದಿನವೂ ಮಾಡಿಕೊಳ್ಳಬೇಕು, ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಮಾಡಿಕೊಳ್ಳಬೇಕು ಎನ್ನುತ್ತದೆ. ಜಾಹೀರಾತುಗಳಲ್ಲಿ ಅಷ್ಟು ಮಾತ್ರ ಕಾಣುತ್ತದೆ. ಅದರ ಬೆನ್ನಿಗೇ ಕಫ ಹೆಚ್ಚಿದವರು, ಆಗತಾನೇ ವಾಂತಿ ಭೇದಿ ಮಾಡಿಸಿ ಮೈ ಶುದ್ಧಿಗೊಳಿಸುವ ವಮನ ವಿರೇಚನ ಮುಗಿಸಿದವರು, ಅಜೀರ್ಣವಾದವರು ಮಾಡಿಕೊಳ್ಳಕೂಡದು ಎಂದೂ ಇದೆ. ಯಾರಿಗೆ ಮಾಡಬಾರದು ಎಂಬ ಈ ಎರಡನೆಯ ಭಾಗ ನಮ್ಮ ಕಾಲಕ್ಕೆ ಇನ್ನಷ್ಟು ಉದ್ದವಾಗಿದೆ. ಬಹಳ ದಿನ ಹಾಸಿಗೆ ಹಿಡಿದವರ, ಅಥವಾ ದೂರದ ವಿಮಾನ ಪ್ರಯಾಣ ಮುಗಿಸಿ ಬಂದವರ ಒಂದೇ ಮೀನಖಂಡ ಊದಿ, ಬೆಚ್ಚಗಾಗಿ, ಮುಟ್ಟಿದರೆ ನೋಯುತ್ತಿದ್ದರೆ ಅಲ್ಲಿ ರಕ್ತನಾಳದೊಳಗೆ ಹೆಪ್ಪು ಇರಬಹುದು. ಒತ್ತಿ ತಿಕ್ಕಿದರೆ ಅದು ಕಿತ್ತು ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೇ ಕುತ್ತಾದೀತು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಹೋದವರಿಗೆ ಬಿಸಿ ಕಿಳಿ ಇಟ್ಟರೆ ಸುಟ್ಟದ್ದು ಅವರಿಗೇ ಗೊತ್ತಾಗುವುದಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಗಟ್ಟಿ ಒತ್ತಡ ಕೊಟ್ಟರೆ ಮರುದಿನ ಮೈಯೆಲ್ಲ ನೀಲಿ. ಕತ್ತನ್ನು ತಿರುಗಿಸಿ ಲಟಕ್ಕೆನ್ನಿಸುವುದಂತೂ, ಕೇಳುವವರಿಗೆ ಎಷ್ಟೇ ಇಷ್ಟವಾಗಿರಲಿ, ಕತ್ತಿನ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯುವಿಗೆ ದಾರಿಯಾಗಬಲ್ಲದು. ಇಂದು ನಾನೇ ನಡೆಸುವ ಚಿಕಿತ್ಸೆಯ ಕೋಣೆಯಲ್ಲಿ ಮೊದಲ ಹತ್ತು ನಿಮಿಷ ಪ್ರಶ್ನೆಗಳಿಗೇ ಮೀಸಲು. ‘ದುಡ್ಡು ಕೊಡ್ತೀನಿ ಅಂದ್ರೂ ಬೇಡ ಅಂತೀರಲ್ಲಮ್ಮ’ ಎಂದು ಗೊಣಗಿಕೊಂಡು, ನಾನು ಬರೆದುಕೊಟ್ಟ ಚೀಟಿ ಹಿಡಿದು ವೈದ್ಯರಲ್ಲಿಗೆ ಹೋದವರು ಇದ್ದಾರೆ. ಕೆಲವರು ಮರಳಿ ಬರಲಿಲ್ಲ. ಪಕ್ಕದ ಬೀದಿಯಲ್ಲಿ ಪ್ರಶ್ನೆ ಕೇಳದವರು ಸಿಕ್ಕಿರಬೇಕು.

ಆಸ್ಪತ್ರೆಯ ಸಂಬಳ ಸಾಲದಾದಾಗ ಪ್ರವಾಸಿಗಳ ಕಡೆಗೆ ಹೊರಳಿದೆ. ಮೈಸೂರಿನ ಯೋಗಗುರು ಪಟ್ಟಾಭಿ ಜೋಯಿಸರಲ್ಲಿ ಅಷ್ಟಾಂಗ ಯೋಗ ಕಲಿಯಲು ದೇಶವಿದೇಶಗಳಿಂದ ಬಂದವರಿಂದಾಗಿ ಗೋಕುಲಂ ಬಡಾವಣೆಯೇ ಬೇರೊಂದು ಊರಿನಂತಾಗಿತ್ತು. ಶನಿವಾರದ ಹರಳೆಣ್ಣೆ ಸ್ನಾನ ಆ ಅಭ್ಯಾಸದ ಜೊತೆಗೇ ಬಂದ ರೂಢಿ. ನಮ್ಮ ಅಜ್ಜಿಯಂದಿರು ಬಲವಂತವಾಗಿ ಮಾಡಿಸುತ್ತಿದ್ದುದನ್ನು ಅವರು ಭಕ್ತಿಯಿಂದ ಮಾಡುತ್ತಿದ್ದರು. ಆ ವಿದ್ಯಾರ್ಥಿಗಳಿಂದ ನಾನು ಕಲಿತದ್ದೂ ಬಹಳ. ಯಾವ ಸ್ನಾಯು, ಎಲ್ಲಿ ಹುಟ್ಟಿ ಎಲ್ಲಿ ಸೇರುತ್ತದೆ, ಮಂಡಿಯ ನೋವಿಗೆ ತೊಡೆಯ ಹೊರಭಾಗ ಏಕೆ ಕಾರಣವಾಗಬಹುದು ಎಂದು ಅವರು ಕೇಳುತ್ತಿದ್ದ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾ ಅಂಗರಚನೆಯ ಪುಸ್ತಕಗಳನ್ನು ಬಿಡಿಸಿದೆ. ಅದೇ ಕಾಲಕ್ಕೆ ನನ್ನ ಹೆಬ್ಬೆರಳಿನ ಬುಡ ನೋಯತೊಡಗಿತ್ತು. ಇದು ನಮ್ಮವರನ್ನು ಕೆಲಸದಿಂದಲೇ ಹೊರಗೆ ತಳ್ಳುವ ನೋವು. ಮೇಜಿನ ಎತ್ತರ ಸರಿಮಾಡಿಕೊಂಡು, ಅಂದರೆ ನೆಟ್ಟಗೆ ನಿಂತು ತೋಳು ಇಳಿಬಿಟ್ಟಾಗ ಮುಷ್ಟಿಯ ಗೆಣ್ಣು ಮೇಜಿಗೆ ತಾಗುವಷ್ಟು ಇಟ್ಟುಕೊಂಡು, ಬೆರಳ ಬಲದ ಬದಲು ಮುಂಗೈಯನ್ನೂ ಮೈಭಾರವನ್ನೂ ಬಳಸಲು ಕಲಿತ ಮೇಲೆ ನೋವು ಹಿಡಿತಕ್ಕೆ ಬಂತು. ನಮ್ಮಲ್ಲಿ ಹಳಬರು ಹೆಬ್ಬೆರಳು ನೋಯದಿದ್ದರೆ ಕೆಲಸ ಮಾಡಿದಂತೆಯೇ ಅಲ್ಲ ಎನ್ನುತ್ತಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ.

ಆಮೇಲೆ ಸೇರಿದ ರೆಸಾರ್ಟಿನ ಹೆಸರು ಇಲ್ಲಿ ಬೇಡ. ಬಿಳಿಯ ಟವೆಲ್ಲು, ಅಗರಬತ್ತಿ, ತಾಮ್ರದ ಬಟ್ಟಲು ಎಲ್ಲವೂ ಸೊಗಸಾಗಿದ್ದವು. ಆದರೆ ಅತಿಥಿಯೊಬ್ಬ ಅಸಭ್ಯವಾಗಿ ನಡೆದುಕೊಂಡನೆಂದು ನಮ್ಮಲ್ಲೊಬ್ಬ ಹುಡುಗಿ ನಡುವೆಯೇ ಕೋಣೆಯಿಂದ ಹೊರಗೆ ಬಂದಾಗ, ಮೇಲಿನವರು ಅವಳಿಗೆ ಹೇಳಿದ್ದು ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಮ್ಮ, ದೊಡ್ಡ ಗಿರಾಕಿ’ ಎಂದು. ಆ ದಿನದ ಸಂಬಳವನ್ನೂ ಹಿಡಿದರು. ಊರಿನಲ್ಲಿ ಯಾವುದೋ ಮಸಾಜ್ ಪಾರ್ಲರಿನ ಮೇಲೆ ಪೊಲೀಸ್ ದಾಳಿಯಾದ ಸುದ್ದಿ ಬಂದರೆ ಅದರ ಮರುದಿನ ನಮ್ಮ ಮನೆ ಮಾಲೀಕರು ಬಾಡಿಗೆ ಕರಾರು ಮತ್ತೆ ಓದುತ್ತಾರೆ. ದುಡಿಯುವ ಹೆಣ್ಣಿಗೆ ಹೀಗೆ ಒಳಗಿನಿಂದ ಒಂದು ಅವಮಾನ, ಹೊರಗಿನಿಂದ ಇನ್ನೊಂದು. ಇದು ನಮಗೆ ಮಾತ್ರ ಬಂದ ಪಾಡು ಎಂದು ಬಹಳ ಕಾಲ ತಿಳಿದಿದ್ದೆ.

ಹಾಗಲ್ಲವೆಂದು ತಿಳಿದದ್ದು ಲಂಡನ್ನಿನ ನಾಲ್ವರು ದಾದಿಯರ ಕಥೆ ಓದಿದಾಗ. 1894ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯು ಲಂಡನ್ನಿನ ಮಸಾಜ್ ಮನೆಗಳಲ್ಲಿ ಅನೈತಿಕ ವ್ಯವಹಾರ ನಡೆಯುತ್ತಿದೆಯೆಂದು ಬರೆಯಿತು. ಆಸ್ಪತ್ರೆಗಳಲ್ಲಿ ನಿಜವಾಗಿಯೂ ರೋಗಿಗಳಿಗೆ ಮಸಾಜ್ ಮಾಡುತ್ತಿದ್ದ ಹೆಂಗಸರೂ ಆ ಕೆಸರಿಗೆ ಸಿಕ್ಕಿಕೊಂಡರು. ಅವರಲ್ಲಿ ಲೂಸಿ ರಾಬಿನ್ಸನ್, ರೋಸಲಿಂಡ್ ಪ್ಯಾಜೆಟ್, ಎಲಿಜಬೆತ್ ಮ್ಯಾನ್ಲಿ, ಮಾರ್ಗರೆಟ್ ಪಾಮರ್ ಎಂಬ ನಾಲ್ವರು ಅದೇ ವರ್ಷ ಸೇರಿ ತರಬೇತಿ ಪಡೆದ ಮಸಾಜುಗಾರ್ತಿಯರ ಸಂಘವೊಂದನ್ನು ಕಟ್ಟಿದರು. ಅವರು ಸರ್ಕಾರಕ್ಕೆ ಅರ್ಜಿ ಹಾಕಿ ಕಾಯುತ್ತಾ ಕೂರಲಿಲ್ಲ. ಮೊದಲು ತಮ್ಮ ಸದಸ್ಯೆಯರಿಗೇ ಪರೀಕ್ಷೆ ಇಟ್ಟರು, ನಿಯಮ ಹಾಕಿದರು. ವೈದ್ಯರ ಸೂಚನೆಯಿಲ್ಲದೆ ಮಸಾಜ್ ಮಾಡಕೂಡದು. ಗಂಡಸರಿಗೆ ಸಾಮಾನ್ಯ ಮಸಾಜ್ ಕೂಡದು, ವೈದ್ಯರು ವಿಶೇಷವಾಗಿ ಕೇಳಿದ ತುರ್ತು ಸಂದರ್ಭಗಳ ಹೊರತು. ವೈದ್ಯಕೀಯ ಪತ್ರಿಕೆಗಳಲ್ಲಲ್ಲದೆ ಬೇರೆಲ್ಲೂ ಜಾಹೀರಾತು ಕೂಡದು. ರೋಗಿಗಳಿಗೆ ಔಷಧ ಮಾರಕೂಡದು. ಅದಾಗಿ ಇಪ್ಪತ್ತು ವರ್ಷಕ್ಕೆ ಮಹಾಯುದ್ಧ ಬಂದಾಗ ಗಾಯಾಳು ಸೈನಿಕರ ಆರೈಕೆಗೆ ತರಬೇತಿ ಪಡೆದ ಮಸಾಜುಗಾರ್ತಿಯರು ಬೇಕಾದರು. 1920ರಲ್ಲಿ ಸಂಘಕ್ಕೆ ರಾಜಸನ್ನದು, ಅಂದರೆ ದೊರೆಯ ಅಧಿಕೃತ ಮಾನ್ಯತೆ, ದೊರೆಯಿತು, 1944ರಲ್ಲಿ ಅದರ ಹೆಸರಿಗೆ ಫಿಸಿಯೋಥೆರಪಿ ಬಂತು. ಇಂದು ಅಲ್ಲಿನ ಫಿಸಿಯೋಥೆರಪಿಸ್ಟರ ದೊಡ್ಡ ಸಂಘ ಅದೇ. ಇದಕ್ಕೂ ಹಿಂದೆ ನಮ್ಮ ಪಟ್ನಾದ ಸೇಕ್ ದೀನ್ ಮಹಮ್ಮದ್ ಬ್ರೈಟನ್ ಊರಿನಲ್ಲಿ ಹಬೆಸ್ನಾನ ಮತ್ತು ಮಾಲೀಶಿನ ಮನೆ ತೆರೆದು, ನಾಲ್ಕನೆಯ ಜಾರ್ಜ್ ಮತ್ತು ನಾಲ್ಕನೆಯ ವಿಲಿಯಂ ದೊರೆಗಳ ಸೇವೆಗೆ ನೇಮಕಗೊಂಡಿದ್ದ. ಒಬ್ಬ ಜಾಣನಿಗೆ ದೊರೆಗಳ ಮನ್ನಣೆ ಸಿಕ್ಕಿತಾದರೂ ಅದರಿಂದ ಆ ಕೆಲಸಕ್ಕೆ ಬಲ ಬರಲಿಲ್ಲ. ಬಲ ಬಂದದ್ದು ನಾಲ್ವರು ಕೂತು ಬರೆದ ಆ ನಿಯಮಗಳಿಂದ.

ಈ ಕಥೆಯನ್ನು ನಾನು ಹಳೆಯ ಗೆಳತಿಯರಿಗೆ ಹೇಳಿದೆ. ಅವರಲ್ಲಿ ಆಸ್ಪತ್ರೆಯವರು, ರೆಸಾರ್ಟಿನವರು, ಬ್ಯೂಟಿ ಪಾರ್ಲರಿನವರು, ಮನೆಮನೆಗೆ ಹೋಗುವವರು ಎಲ್ಲರೂ ಇದ್ದರು. ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಸೇರುವುದೆಂದಾಯಿತು. ನಮ್ಮ ಗುಂಪಿಗೆ ಹೆಸರೂ ಇಲ್ಲ, ರಿಜಿಸ್ಟ್ರೇಷನ್ನೂ ಇಲ್ಲ. ಮೊದಲ ಕೆಲವು ಸಭೆಗಳು ಬರೀ ಗೋಳು ತೋಡಿಕೊಳ್ಳುವುದರಲ್ಲಿಯೇ ಕಳೆದವು, ಅದೂ ಬೇಕಿತ್ತು. ಆಮೇಲೆ ಒಂದೊಂದಾಗಿ ಕಟ್ಟುಪಾಡುಗಳು ಮೂಡಿದವು. ಕೆಲಸ ಮಾಡುತ್ತಿರುವ ಅಂಗವೊಂದನ್ನು ಬಿಟ್ಟು ಉಳಿದ ಮೈಯನ್ನು ಹೊದಿಕೆಯಲ್ಲೇ ಇಡುವುದು. ಹೊದಿಕೆ ಸರಿಸುವ ಮೊದಲು ಹೇಳುವುದು. ಯಾರಿಗೆ ಏನು ಮಾಡಿದೆವು, ಯಾವ ತೈಲ, ಮರುದಿನ ಹೇಗಿದ್ದರು ಎಂದು ಎರಡು ಸಾಲು ಬರೆದಿಡುವುದು. ರೋಗ ವಾಸಿಯಾಗುತ್ತದೆ ಎಂಬ ಭರವಸೆಯನ್ನು ಬಾಯಿತಪ್ಪಿಯೂ ಕೊಡದಿರುವುದು. ನಡುವೆ ನಿಲ್ಲಿಸಿ ಹೊರಗೆ ಬರುವ ಹಕ್ಕು ಮಲಗಿದವರಿಗೆ ಇರುವಷ್ಟೇ ನಿಂತವರಿಗೂ ಇದೆ ಎಂಬುದನ್ನು ಮೊದಲೇ ತಿಳಿಸುವುದು.

ಕೊನೆಯದರ ವಿಷಯದಲ್ಲಿ ನಮಗೆ ನೆರವಾದದ್ದು ಒಬ್ಬ ವಕೀಲೆ. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಕಚೇರಿಗಳಲ್ಲಿ ಕೂತು ದುಡಿಯುವವರಿಗೆ ಮಾತ್ರ ಎಂದು ನಮ್ಮಲ್ಲಿ ಬಹುಪಾಲು ಜನ ತಿಳಿದಿದ್ದರು. 10ಕ್ಕಿಂತ ಕಡಿಮೆ ಕೆಲಸಗಾರರಿರುವ ಕಡೆಯವರೂ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು, ಘಟನೆಯಾದ 3 ತಿಂಗಳೊಳಗೆ ಬರೆದು ಕೊಡಬೇಕು, ಕಿರುಕುಳ ಕೊಟ್ಟವನು ಗಿರಾಕಿಯಾದರೂ ಮಾಲೀಕನಿಗೆ ಹೊಣೆಯಿದೆ ಎಂದು ಅವರು ಬಿಡಿಸಿ ಹೇಳಿದಾಗ, ಹಿಂದೆ ಸಂಬಳ ಕಳೆದುಕೊಂಡಿದ್ದ ಆ ಹುಡುಗಿ ನೋಟ್‌ಬುಕ್ಕಿನಲ್ಲಿ ಕಾಯ್ದೆಯ ಹೆಸರನ್ನು ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದಳು. ಅವಳ ಪ್ರಕರಣಕ್ಕೆ ಆ ಗಡುವು ಎಂದೋ ಮೀರಿತ್ತು. ಮತ್ತೊಂದು ಸಭೆಯಲ್ಲಿ ಎಲ್ಲರೂ ಮೊಬೈಲ್ ಹಿಡಿದು, ಅಸಂಘಟಿತ ಕಾರ್ಮಿಕರಿಗಾಗಿ ಕೇಂದ್ರ ಸರ್ಕಾರ ಇಟ್ಟಿರುವ ಇ-ಶ್ರಮ್ ಪಟ್ಟಿಯಲ್ಲಿ ನೋಂದಣಿ ಮಾಡಿಕೊಂಡೆವು; ಆಧಾರ್‌ಗೆ ಜೋಡಿಸಿದ ನಂಬರು ಗಂಡನದಾಗಿದ್ದವರ ಒಟಿಪಿಗಾಗಿ ಕಾಯುವುದರಲ್ಲಿಯೇ ಅರ್ಧ ದಿನ ಹೋಯಿತು.

ಊರಿಗೆ ನಮ್ಮಿಂದ ಏನಾದರೂ ಆಗಬೇಕು ಎಂಬ ಮಾತು ಬಂದಾಗ ಉಚಿತ ಮಸಾಜ್ ಶಿಬಿರ ಮಾಡೋಣ ಎಂದರು ಕೆಲವರು. ಶಾಮಿಯಾನ, ಬ್ಯಾನರು, ಒಂದೇ ದಿನ ಸಾಲುಗಟ್ಟಿದ ಜನ. ನನಗೆ ಅದು ಹಿಡಿಸಲಿಲ್ಲ. ಪ್ರಶ್ನೆ ಕೇಳಲು ಪುರುಸೊತ್ತಿಲ್ಲದ ಕಡೆ ನಮ್ಮ ಕಟ್ಟುಪಾಡೇ ಮುರಿಯುತ್ತದೆ. ಅದರ ಬದಲು, ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ, ರೋಗ ವಾಸಿಯಾಗದಿದ್ದರೂ ನೋವು ನರಳಾಟ ತಗ್ಗಿಸುವ ಉಪಶಾಮಕ ಆರೈಕೆಯ ಸ್ವಯಂಸೇವಕರೊಡನೆ ನಾವು ಕೆಲವರು ಹೋಗತೊಡಗಿದೆವು. ಕೇರಳದಲ್ಲಿ ಅಕ್ಕಪಕ್ಕದವರೇ ಸೇರಿ ಇಂಥ ಆರೈಕೆಯ ಜಾಲ ಕಟ್ಟಿದ್ದಾರೆ. ಬೆಂಗಳೂರಿನ ಕರುಣಾಶ್ರಯ ಗುಣವಾಗದ ಹಂತಕ್ಕೆ ಬಂದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತದೆ. ನಾವು ಮಾಡಿದ್ದು ಅವುಗಳ ಮುಂದೆ ಬಹಳ ಸಣ್ಣ ಕೆಲಸ.

ಕ್ಯಾನ್ಸರ್ ರೋಗಿಗಳ ಮೈ ಮುಟ್ಟಲು ನಾನು ಅಂಜಿದ್ದೆ. ಗೆಡ್ಡೆಯಿರುವ ಜಾಗ, ವಿಕಿರಣ ಕೊಟ್ಟ ಚರ್ಮ, ಮೈಯೊಳಗೆ ತೂರಿಸಿದ ಕೊಳವೆಯ ಸುತ್ತಮುತ್ತ ಮುಟ್ಟಬಾರದು. ಪ್ಲೇಟ್‌ಲೆಟ್ ಕಡಿಮೆಯಿದ್ದರೆ ಲೋಷನ್ ಹಚ್ಚುವಷ್ಟೇ ಹಗುರವಾಗಿ ಸವರಬೇಕು ಎಂದು ತಂಡದ ನರ್ಸ್ ಕಲಿಸಿದರು. ಅಮೆರಿಕದಲ್ಲಿ ಕ್ಯಾನ್ಸರ್ ಮುಂದುವರಿದ 380 ರೋಗಿಗಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಬಗ್ಗೆ ನನಗೆ ಹೇಳಿದ್ದೂ ಅವರೇ. ಅರ್ಧ ಜನಕ್ಕೆ ನುರಿತ ಥೆರಪಿಸ್ಟರಿಂದ ಮಸಾಜ್, ಉಳಿದರ್ಧಕ್ಕೆ ತರಬೇತಿಯಿಲ್ಲದವರು ಮೈಮೇಲೆ ಸುಮ್ಮನೆ ಕೈಯಿಟ್ಟಿರುವುದು. ಮುಗಿದ ಕೂಡಲೇ ಕೇಳಿದಾಗ ನೋವೂ ಬೇಸರವೂ ಹೆಚ್ಚು ಇಳಿದದ್ದು ಮಸಾಜ್ ಪಡೆದವರಲ್ಲಿ. ಆದರೆ ವಾರಗಳ ಲೆಕ್ಕದಲ್ಲಿ ನೋಡಿದರೆ ಎರಡು ಗುಂಪಿಗೂ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ವೃತ್ತಿಯವಳಾಗಿ ನನಗೆ ಅದು ಸ್ವಲ್ಪ ಚುಚ್ಚಿತು. ಆದರೆ ಆ ಫಲಿತಾಂಶವೇ ನಮ್ಮ ಕೆಲಸದ ದಿಕ್ಕನ್ನು ಬದಲಿಸಿತು: ವಾರಕ್ಕೊಮ್ಮೆ ಬರುವ ನನ್ನ ಕೈಗಿಂತ ದಿನವೂ ಇರುವ ಮನೆಯವರ ಕೈಗೆ ಕಲಿಸುವುದು ಮೇಲು.

ಒಂದು ಮನೆಯಲ್ಲಿ ಗಂಡ ಹಾಸಿಗೆ ಹಿಡಿದಿದ್ದರು. ಹೆಂಡತಿ ಔಷಧ, ಗಂಜಿ, ಚಾದರ ಎಲ್ಲವನ್ನೂ ಚಾಚೂತಪ್ಪದೆ ಮಾಡುತ್ತಿದ್ದರು, ಆದರೆ ಮುಟ್ಟಿದರೆ ನೋಯಿಸಿಬಿಟ್ಟೇನು ಎಂಬ ಹೆದರಿಕೆಯಿಂದ ಮಂಚದ ತುದಿಯಲ್ಲೇ ನಿಲ್ಲುತ್ತಿದ್ದರು. ಅವರ ಅಂಗೈಗೆ ಅರ್ಧ ಚಮಚ ಕೊಬ್ಬರಿ ಎಣ್ಣೆ ಹಾಕಿ, ಎರಡೂ ಕೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಲು ಹೇಳಿ, ಗಂಡನ ಪಾದವನ್ನು ಅವರ ತೊಡೆಯ ಮೇಲಿನ ಟವೆಲ್ಲಿಗೆ ಎತ್ತಿಟ್ಟೆ. ಅವರ ಕೈಯ ಮೇಲೆ ನನ್ನ ಕೈಯಿಟ್ಟು ಒತ್ತಡ ಎಷ್ಟೆಂದು ತೋರಿಸಿದೆ. ಹಿಮ್ಮಡಿ, ಪಾದದ ಕಮಾನು, ಒಂದೊಂದೇ ಬೆರಳು. ಸ್ವಲ್ಪ ಹೊತ್ತಿಗೆ ಅವರು ‘ಇನ್ನೊಂದು ಕಾಲು ಕೊಡ್ರೀ’ ಎಂದರು. ಮಾತಾಡುವ ಶಕ್ತಿಯಿಲ್ಲದ ಗಂಡ ಕಾಲಿನ ಹೆಬ್ಬೆರಳನ್ನು ಅಲುಗಿಸಿದರು. ಹೆಂಡತಿ ಅದಕ್ಕೆ ಗದರಿದ್ದೂ ಆಯಿತು.

ನೀರು ಹಾಕುವ ಅಜ್ಜಿಯರೊಡನೆ ನಡೆದದ್ದು ಬೇರೆಯೇ ರೀತಿ. ಅವರಿಗೆ ಕಲಿಸಲು ಹೋದವರು ನಾವೇ ಕಲಿತು ಬಂದೆವು. ಮಣೆಯ ಮೇಲೆ ಕೂತು ಚಾಚಿದ ಕಾಲುಗಳ ನಡುವಿನ ತೊಟ್ಟಿಲಂಥ ಜಾಗದಲ್ಲಿ ಮಗುವನ್ನು ಮಲಗಿಸಿ, ನೀರಿನ ಬಿಸಿಯನ್ನು ಮೊಣಕೈಯಲ್ಲಿ ನೋಡಿಕೊಂಡು, ಒಂದು ಕೈಯಲ್ಲಿ ಕತ್ತು ಹಿಡಿದು ಇನ್ನೊಂದರಲ್ಲಿ ಬೆನ್ನು ನೀವುವ ಆ ನಿರಾಳತೆ ನಮ್ಮ ಯಾವ ಸರ್ಟಿಫಿಕೇಟಿನಲ್ಲೂ ಇಲ್ಲ. 1986ರಲ್ಲಿ ಮಿಯಾಮಿ ವಿಶ್ವವಿದ್ಯಾಲಯದ ಟಿಫನಿ ಫೀಲ್ಡ್ ಮತ್ತು ಸಂಗಡಿಗರು, ದಿನ ತುಂಬದೆ ಹುಟ್ಟಿದ ಶಿಶುಗಳಿಗೆ ದಿನಕ್ಕೆ 3 ಸಲ 15 ನಿಮಿಷದಂತೆ 10 ದಿನ ಮೈ ನೀವಿ ಕೈಕಾಲು ಆಡಿಸಿದಾಗ, ಹಾಗೆ ಮಾಡದ ಶಿಶುಗಳಿಗಿಂತ ಶೇ. 47ರಷ್ಟು ಹೆಚ್ಚು ವೇಗವಾಗಿ ತೂಕ ಏರಿದುದನ್ನು ವರದಿ ಮಾಡಿದರು. ಇದನ್ನು ಹೇಳಿದರೆ ಅಜ್ಜಿಯೊಬ್ಬರು ‘ಅದಕ್ಕೆ ಅಮೆರಿಕಕ್ಕೆ ಹೋಗಬೇಕಿತ್ತಾ?’ ಎಂದು ನಕ್ಕರು. ಮೂಗಿಗೂ ಕಿವಿಗೂ ಎಣ್ಣೆ ಬಿಡುವುದನ್ನು ನಿಲ್ಲಿಸಿ, ಮೂಗಿನ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ ಎಂದಾಗ ಮಾತ್ರ ನಗು ನಿಂತಿತು. ಕಿವಿಯ ವಿಷಯಕ್ಕೆ ಒಪ್ಪಿದರು. ಮೂಗಿನ ವಿಷಯಕ್ಕೆ ಮಕ್ಕಳ ವೈದ್ಯರನ್ನೇ ಕರೆತಂದು ಮಾತಾಡಿಸಬೇಕಾಯಿತು, ಆಮೇಲೂ ಎಲ್ಲರೂ ಬಿಟ್ಟರೆಂದು ಹೇಳಲಾರೆ. ಅವರಲ್ಲಿ ಇಬ್ಬರು ಈಗ ನಮ್ಮ ತಿಂಗಳ ಸಭೆಗೆ ಬರುತ್ತಾರೆ. ಕೂಲಿ ಎಷ್ಟು ಕೇಳಬೇಕು ಎಂಬ ಚರ್ಚೆ ಬಂದಾಗ ಅವರೇ ಎಲ್ಲರಿಗಿಂತ ಗಟ್ಟಿ. ಸೀರೆ ಕುಪ್ಪಸದ ಲೆಕ್ಕ ಬೇಡ, ದುಡ್ಡೇ ಕೊಡಿ ಎನ್ನಬೇಕೆಂದು ನಮಗೆ ಹೇಳಿಕೊಟ್ಟವರು ಅವರು.

ಒಂದು ವಿಷಯದಲ್ಲಿ ಗುಂಪು ಇನ್ನೂ ಎರಡಾಗಿಯೇ ಇದೆ. ಆಯುರ್ವೇದ ಆಸ್ಪತ್ರೆಗಳಲ್ಲಿ ಹೆಂಗಸರಿಗೆ ಹೆಂಗಸರೇ, ಗಂಡಸರಿಗೆ ಗಂಡಸರೇ ಚಿಕಿತ್ಸೆ ಮಾಡುವುದು ರೂಢಿ. ಲಂಡನ್ನಿನ ಆ ನಾಲ್ವರಂತೆ ನಾವೂ ಗಂಡಸರನ್ನು ತೆಗೆದುಕೊಳ್ಳುವುದಿಲ್ಲ ಎಂದು ಬರೆದಿಟ್ಟುಬಿಡೋಣ, ಅನುಮಾನವೂ ಹೋಗುತ್ತದೆ, ಅಪಾಯವೂ ಹೋಗುತ್ತದೆ ಎಂಬುದು ಹಿರಿಯರ ವಾದ, ನನ್ನದೂ ಅದೇ. ರೆಸಾರ್ಟಿನಲ್ಲಿ ದುಡಿಯುವ ಕಿರಿಯಳೊಬ್ಬಳು ಇದನ್ನು ಒಪ್ಪುವುದಿಲ್ಲ. ‘ನಿಮಗೆ ಸ್ವಂತ ಕೋಣೆ ಇದೆ ಅಕ್ಕಾ, ಬಾಗಿಲು ಹಾಕಿಕೊಳ್ಳುತ್ತೀರಿ. ನಾನು ಹಾಗೆಂದರೆ ನಾಳೆಯೇ ಕೆಲಸ ಹೋಗುತ್ತದೆ. ಅವರು ಬರಲಿ, ಸರಿಯಾಗಿ ನಡೆದುಕೊಳ್ಳಲಿ ಎಂದು ಅವರಿಗೆ ನಿಯಮ ಹಾಕಿ’ ಎನ್ನುತ್ತಾಳೆ. ಹಾಸಿಗೆ ಹಿಡಿದ ಗಂಡಸರ ಪಾದ ನೀವುವಾಗ ನಮಗೆ ಈ ನಿಯಮ ನೆನಪಾಗಲಿಲ್ಲವಲ್ಲ ಎಂದೂ ಅವಳೇ ಕೇಳಿದಳು. ಅದು ಆರೈಕೆ, ಇದು ವ್ಯಾಪಾರ ಎಂದು ಉತ್ತರಿಸಿದ ಹಿರಿಯರಿಗೆ, ಹಾಗಾದರೆ ನನ್ನ ದಿನದ ದುಡಿಮೆ ಆರೈಕೆಯಲ್ಲವೇ ಎಂದಳು. ಅದಕ್ಕೆ ನಮ್ಮಲ್ಲಿ ಯಾರ ಬಳಿಯೂ ಒಳ್ಳೆಯ ಉತ್ತರವಿರಲಿಲ್ಲ. ರೆಸಾರ್ಟುಗಳು ಅತಿಥಿಗಳಿಂದ ಮೊದಲೇ ಸಹಿ ಮಾಡಿಸಿಕೊಳ್ಳಬೇಕಾದ ನಡವಳಿಕೆಯ ಒಂದು ಹಾಳೆಯನ್ನು ಅವಳೇ ಬರೆದು ತರುತ್ತೇನೆಂದಿದ್ದಾಳೆ. ವಕೀಲೆಯೂ ಬರುತ್ತಾರೆ. ಮುಂದಿನ ಸಭೆ ನಮ್ಮ ಮನೆಯಲ್ಲಿ.